ನಿಮಗಿದು ಗೊತ್ತೇ? ಕುದುರೆಮುಖದಿಂದ ಕೆಂಪು ಸಮುದ್ರದವರೆಗೆ

ಚುನಾವಣೆ ಘೋಷಣೆಯಾಯಿತೆಂದರೆ ಮಲೆನಾಡಿನ ಪೊಲೀಸ್ ಠಾಣೆಗಳಿಗೆ ಕೋವಿಗಳ ಮೆರವಣಿಗೆ ಶುರು. ಹಳೆ ಬೆಡ್‌ಶೀಟಿನಲ್ಲಿ ಸುತ್ತಿದ ಒಂಟಿನಳಿಗೆ, ಜೋಡುನಳಿಗೆಗಳು ಜೀಪಿನ ಹಿಂದಿನ ಸೀಟಿನಿಂದ ಇಳಿಯುತ್ತವೆ. ನಳಿಗೆಗೊಂದು ಚೀಟಿ, ಕೈಗೊಂದು ರಸೀದಿ. ಕೋವಿ ಅಜ್ಜನ ಕಾಲದ್ದು, ನಮ್ಮದೇ. ಆದರೆ ಲೈಸೆನ್ಸ್ ಸರ್ಕಾರದ್ದು. ತೋಟ ನಮ್ಮದು, ತೋಟೆ ಮಾತ್ರ ಅಂಗಡಿಯವನದು! ದೇಶದೇಶಗಳ ನಡುವಿನ ಯುದ್ಧವಿಮಾನ, ಕ್ಷಿಪಣಿ, ರೇಡಾರ್‌ಗಳ ವ್ಯವಹಾರವೂ ಹೆಚ್ಚುಕಡಿಮೆ ಹೀಗೇ. ಅದು ಯಾರ ಮನೆಯಲ್ಲಿದೆ ಎನ್ನುವುದಕ್ಕಿಂತ ಬಳಸಲು ಯಾರ ಅಪ್ಪಣೆ ಬೇಕು ಎನ್ನುವುದೇ ದೊಡ್ಡ ಮಾತು. ಮೂಡಿಗೆರೆಯ ಕಟ್ಟೆಯ ಮೇಲೆ ಕೂತು ಒಂದು ಸುತ್ತು ನೋಡಿಬರೋಣ.

● ಇರಾನಿನ ಅರಸನಿಗಾಗಿ ಅಗೆದ ನಮ್ಮ ಗುಡ್ಡ
ಕುದುರೆಮುಖದ ಗಣಿ ಶುರುವಾದದ್ದೇ ಇರಾನಿನ ಶಾ ದೊರೆಯ ಉಕ್ಕಿನ ಕನಸಿಗಾಗಿ. 63 ಕೋಟಿ ಡಾಲರ್ ಸಾಲ ಇರಾನಿನದು, ಅದಿರು ನಮ್ಮದು ಎಂಬ ಒಪ್ಪಂದವಾಗಿ, 1976ರ ಏಪ್ರಿಲ್‌ನಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಹುಟ್ಟಿತು. ಆಗ ಅದು ಮೂಡಿಗೆರೆ ತಾಲ್ಲೂಕು, ಈಗ ಕಳಸ. ವರ್ಷಕ್ಕೆ 75 ಲಕ್ಷ ಟನ್ ಅದಿರಿನ ಪುಡಿಯನ್ನು ನೀರಿನಲ್ಲಿ ಕಲಸಿ, ಗಂಜಿಯಂತೆ ಮಾಡಿ, 67 ಕಿಲೊಮೀಟರ್ ಕೊಳವೆಯಲ್ಲಿ ಘಟ್ಟ ಇಳಿಸಿ ಪಣಂಬೂರಿಗೆ ಮುಟ್ಟಿಸುವ ಏರ್ಪಾಡು. ಗುಡ್ಡ ಅಗೆದು, ಲಕ್ಯಾ ಅಣೆಕಟ್ಟು ಕಟ್ಟಿ, ಊರು ಎಬ್ಬಿಸಿ ಎಲ್ಲ ಸಿದ್ಧವಾಗುವ ಹೊತ್ತಿಗೆ 1979 ಬಂತು. ಇರಾನಿನಲ್ಲಿ ಕ್ರಾಂತಿ, ಶಾ ಪರಾರಿ. ಸಾಲದ ಕಂತೂ ನಿಂತಿತು, ಗಿರಾಕಿಯೂ ಹೋದ. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಡಿಸೆಂಬರ್ 31ಕ್ಕೆ ಗಣಿ ಮುಚ್ಚುವವರೆಗೂ ಅದಿರಿಗೆ ಬೇರೆ ಬೇರೆ ದೇಶಗಳ ಬಾಗಿಲು ತಟ್ಟಬೇಕಾಯಿತು. ಇದು ಶಸ್ತ್ರಾಸ್ತ್ರದ ಒಪ್ಪಂದವಲ್ಲ, ನಿಜ. ಆದರೆ ಸಹಿ ಹಾಕಿದ ಸರ್ಕಾರ ಉರುಳಿದರೆ ಒಪ್ಪಂದದ ಗತಿ ಏನು ಎಂಬ ಪಾಠವನ್ನು ರಕ್ಷಣಾ ತಜ್ಞರು ದೊಡ್ಡ ಪುಸ್ತಕಗಳಲ್ಲಿ ಓದುತ್ತಾರೆ. ಕಳಸದ ಬಸ್ಸಿನಲ್ಲಿ ಕೂತವರಿಗೆ ಅದು ಕಿಟಕಿಯಲ್ಲೇ ಕಾಣುತ್ತದೆ.

● ಕಾಫಿ ಮಂಡಳಿಯ ಹೆತ್ತಮ್ಮ ಮಹಾಯುದ್ಧ
ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿ ನಮ್ಮ ಕಾಫಿ ಕಣದಲ್ಲೇ ಉಳಿಯಿತು. ಬೆಳೆಗಾರರನ್ನು ಉಳಿಸಲು 1942ರ ಕಾಫಿ ಮಾರುಕಟ್ಟೆ ವಿಸ್ತರಣಾ ಕಾಯಿದೆ ಬಂತು. ಅದರ ಕೂಸೇ ಕಾಫಿ ಬೋರ್ಡ್. ಬೆಳೆದದ್ದನ್ನೆಲ್ಲ ಬೋರ್ಡಿಗೇ ಕೊಡಬೇಕೆಂಬ ‘ಪೂಲ್’ ಪದ್ಧತಿ ಪೂರ್ತಿ ಕೊನೆಗೊಂಡದ್ದು 1996ರಲ್ಲಿ. ಯುದ್ಧ ಆರು ವರ್ಷದ್ದು, ಅದು ತಂದ ಪದ್ಧತಿ ಅರ್ಧ ಶತಮಾನದ್ದು!

● ಚಿಕೋರಿಯೂ ಯುದ್ಧದ ಬಳುವಳಿ
1806ರಲ್ಲಿ ನೆಪೋಲಿಯನ್ ಬ್ರಿಟನ್ನಿನ ವ್ಯಾಪಾರಕ್ಕೆ ದಿಗ್ಬಂಧನ ಹಾಕಿದ. ಫ್ರಾನ್ಸಿಗೆ ಕಾಫಿ ಬರುವುದು ಕಡಿಮೆಯಾಗಿ ಜನ ಚಿಕೋರಿ ಬೇರು ಹುರಿದು ಬೆರೆಸತೊಡಗಿದರು. ದಿಗ್ಬಂಧನ ಹೋಯಿತು, ರುಚಿ ಉಳಿಯಿತು. ಪುಡಿ ಅಂಗಡಿಯಲ್ಲಿ ‘ಎಂಬತ್ತು–ಇಪ್ಪತ್ತು ಹಾಕಿ’ ಎನ್ನುವಾಗ ಆ ಇಪ್ಪತ್ತರ ಹಿಂದೆ ಒಬ್ಬ ಚಕ್ರವರ್ತಿ ನಿಂತಿದ್ದಾನೆ.

● ಗಂಧದ ಮರ ಜರ್ಮನಿಗೆ ಹೋಗುತ್ತಿತ್ತು
ಮೊದಲ ಮಹಾಯುದ್ಧಕ್ಕೆ ಮುನ್ನ ಮೈಸೂರಿನ ಗಂಧದ ಮರ ಎಣ್ಣೆ ತೆಗೆಯಲು ಜರ್ಮನಿಗೆ ಹಡಗೇರುತ್ತಿತ್ತು. ಯುದ್ಧ ಆ ದಾರಿ ಕಡಿದ ಮೇಲೆ ಸಂಸ್ಥಾನವೇ 1916ರಲ್ಲಿ ಎಣ್ಣೆ ತೆಗೆಯಲು ಹೊರಟಿತು. ‘ಆತ್ಮನಿರ್ಭರ’ ಎಂಬ ಪದ ಬರುವ ನೂರು ವರ್ಷ ಮೊದಲಿನ ಕಥೆ ಇದು.

● ನಗರದ ಬಾವಿಯಲ್ಲಿ ರಾಕೆಟ್
ಹೊಸನಗರ ತಾಲ್ಲೂಕಿನ ನಗರದಲ್ಲಿ, ಅಂದರೆ ಹಳೆಯ ಬಿದನೂರಿನಲ್ಲಿ, 2018ರಲ್ಲಿ ಹಳೆ ಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ ಕೋಶಗಳು ಸಿಕ್ಕವು, ಟಿಪ್ಪು ಕಾಲದವು. ಇಂಥವನ್ನೇ ಬ್ರಿಟಿಷರು ಕೊಂಡೊಯ್ದು ನೋಡಿ, ಕಲಿತು, ವಿಲಿಯಂ ಕಾಂಗ್ರೀವ್ ಕೈಯಲ್ಲಿ ತಮ್ಮ ರಾಕೆಟ್ ಮಾಡಿಕೊಂಡರು. ಇಂದಿನ ಭಾಷೆಯಲ್ಲಿ ‘ತಂತ್ರಜ್ಞಾನ ವರ್ಗಾವಣೆ’. ಆಗ ಅದಕ್ಕೆ ಒಪ್ಪಂದವೂ ಇರಲಿಲ್ಲ, ಕಾಸೂ ಇರಲಿಲ್ಲ!

● ಬೆಳ್ಳಂದೂರು ಕೆರೆಯಲ್ಲಿ ಅಮೆರಿಕದ ವಿಮಾನ
ಬೆಂಗಳೂರಿನ ಎಚ್‌ಎಎಲ್ 1940ರ ಡಿಸೆಂಬರ್ 23ರಂದು ಹುಟ್ಟಿದಾಗಲೇ ಬಹುರಾಷ್ಟ್ರೀಯ. ಬಂಡವಾಳ ಉದ್ಯಮಿ ವಾಲಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರದ್ದು, ತಾಂತ್ರಿಕ ನೆರವು ಅಮೆರಿಕದ ವಿಲಿಯಂ ಪಾಲಿಯದ್ದು. 1943ರಲ್ಲಿ ಅಮೆರಿಕದ ಸೇನೆಯೇ ಕಾರ್ಖಾನೆಯನ್ನು ಕೈಗೆ ತೆಗೆದುಕೊಂಡು ಯುದ್ಧವಿಮಾನಗಳ ರಿಪೇರಿ ನಡೆಸಿತು. ನೀರಿನ ಮೇಲೆ ಇಳಿಯುವ ಕ್ಯಾಟಲೀನಾ ವಿಮಾನಗಳಿಗೆ ರನ್‌ವೇ ಆದದ್ದು ಬೆಳ್ಳಂದೂರು ಕೆರೆ. ಈಗ ನೊರೆಗೆ ಹೆಸರಾದ ಅದೇ ಕೆರೆ.

● ಎಂಜಿನ್ ಇಲ್ಲದೆ ಸೊರಗಿದ ‘ಮಾರುತ’
ಭಾರತದ ಮೊದಲ ಸ್ವಂತ ಜೆಟ್ ಯುದ್ಧವಿಮಾನ ಎಚ್‌ಎಫ್–24 ಮಾರುತವನ್ನು ಬೆಂಗಳೂರಿನಲ್ಲಿ ವಿನ್ಯಾಸ ಮಾಡಿದವರು ಜರ್ಮನಿಯ ಕರ್ಟ್ ಟ್ಯಾಂಕ್. 1961ರ ಜೂನ್ 17ರಂದು ಅದು ಹಾರಿತು. ಮೈಕಟ್ಟು ಶಬ್ದದ ವೇಗ ಮೀರಲು ಹೇಳಿ ಮಾಡಿಸಿದ್ದು, ಆದರೆ ಅದಕ್ಕೆಂದು ಆರಿಸಿದ್ದ ಬ್ರಿಟಿಷ್ ಎಂಜಿನ್ನಿಗೆ ದುಡ್ಡು ಹಾಕಲು ಯಾರೂ ಮುಂದೆ ಬರಲಿಲ್ಲ. ಕೊನೆಗೆ ಈಜಿಪ್ಟಿನ ಕಡೆ ಮುಖ ಮಾಡಿದೆವು. ಅಲ್ಲಿ ಆಸ್ಟ್ರಿಯಾದ ತಜ್ಞರೊಬ್ಬರು ಎಂಜಿನ್ ಕಟ್ಟುತ್ತಿದ್ದರು. ನಮ್ಮದೊಂದು ಮಾರುತ ಅಲ್ಲಿಗೆ ಹೋಗಿ ಆ ಎಂಜಿನ್ ಕಟ್ಟಿಕೊಂಡು ಹಾರಿಯೂ ನೋಡಿತು. ಆದರೆ ಅವರ ಯೋಜನೆಯೂ ನಿಂತುಹೋಯಿತು. ಜರ್ಮನ್ ವಿನ್ಯಾಸ, ಬ್ರಿಟಿಷ್ ಎಂಜಿನ್, ಈಜಿಪ್ಟಿನ ಭರವಸೆ, ಕನ್ನಡದ ನೆಲ. ಒಟ್ಟು 147 ಮಾರುತಗಳು ತಯಾರಾದವು. ಒಂದೂ ತನ್ನ ಪೂರ್ತಿ ಶಕ್ತಿ ತೋರಿಸಲಿಲ್ಲ.

● ಗಂಟುಮೂಟೆ ಕಟ್ಟಿಸಿದ ಪೋಖ್ರಾನ್
ತೇಜಸ್ ವಿಮಾನದ ಹಾರಾಟ ನಿಯಂತ್ರಣ ತಂತ್ರಾಂಶಕ್ಕಾಗಿ ನಮ್ಮ ಎಂಜಿನಿಯರುಗಳು ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದರು. 1998ರ ಮೇ ತಿಂಗಳಲ್ಲಿ ಪೋಖ್ರಾನ್ ಪರೀಕ್ಷೆ ನಡೆಯಿತು, ನಿರ್ಬಂಧ ಬಿತ್ತು, ಎಲ್ಲರನ್ನೂ ಮನೆಗೆ ಕಳಿಸಿದರು. ಉಳಿದ ಕೆಲಸ ಬೆಂಗಳೂರಿನಲ್ಲೇ ಮುಗಿಯಿತು. 2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೋಠಿಯಾಲ್ ತೇಜಸ್ಸನ್ನು ಮೇಲೇರಿಸಿದರು. ಬುದ್ಧಿ ವಾಪಸ್ ಬಂತು, ಎಂಜಿನ್ ಮಾತ್ರ ಇಂದಿಗೂ ಅಮೆರಿಕದ್ದೇ.

● 99 ಎಂಜಿನ್ನಿಗೆ ಕಾದ ಕಥೆ
ತೇಜಸ್ ಮಾರ್ಕ್–1ಎ ಗಾಗಿ 99 ಎಂಜಿನ್‌ಗಳಿಗೆ ಎಚ್‌ಎಎಲ್ ಆರ್ಡರ್ ಕೊಟ್ಟದ್ದು 2021ರ ಆಗಸ್ಟ್‌ನಲ್ಲಿ. ಮೊದಲನೆಯದು ಕೈಸೇರಿದ್ದು 2025ರ ಮಾರ್ಚ್‌ನಲ್ಲಿ. ಕಾಫಿ ಗಿಡವಾದರೂ ನೆಟ್ಟ ಮೂರು ನಾಲ್ಕು ವರ್ಷಕ್ಕೆ ಫಲ ಕೊಡುತ್ತದೆ!

● ಮಾರಬೇಕಾದರೂ ಅಪ್ಪಣೆ
ಅಮೆರಿಕದ ಎಂಜಿನ್ ಇರುವ ಯುದ್ಧವಿಮಾನವನ್ನು ಮೂರನೇ ದೇಶಕ್ಕೆ ಮಾರಲು ಅಮೆರಿಕದ ಒಪ್ಪಿಗೆ ಬೇಕು. ವಿಮಾನ ಸ್ವೀಡನ್ನಿನದಾದರೂ ಅಷ್ಟೆ, ಭಾರತದ್ದಾದರೂ ಅಷ್ಟೆ. ಇದಕ್ಕೇ ಆಗಲೇ ಹೇಳಿದ್ದು: ಕೋವಿ ನಮ್ಮದು, ಲೈಸೆನ್ಸ್ ಅವರದು.

● ಹೆದ್ದಾರಿಯ ಎರಡು ತುದಿ
ಮೂಡಿಗೆರೆ ಪೇಟೆ ಹಾಯುವ 73ನೇ ರಾಷ್ಟ್ರೀಯ ಹೆದ್ದಾರಿಯ ಒಂದು ತುದಿ ಮಂಗಳೂರು, ಇನ್ನೊಂದು ತುದಿ ತುಮಕೂರು. ಮಂಗಳೂರಿನಿಂದ ಕಾಫಿ ಹಡಗೇರುತ್ತದೆ. ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯ ಹೆಲಿಕಾಪ್ಟರ್ ಕಾರ್ಖಾನೆ ಇದೆ, 2023ರ ಫೆಬ್ರುವರಿ 6ರಂದು ಉದ್ಘಾಟನೆಯಾದದ್ದು. 2025ರ ಮಾರ್ಚ್‌ನಲ್ಲಿ 156 ‘ಪ್ರಚಂಡ’ ಹೆಲಿಕಾಪ್ಟರ್‌ಗಳಿಗೆ ಸುಮಾರು 62,700 ಕೋಟಿ ರೂಪಾಯಿಯ ಒಪ್ಪಂದವಾಯಿತು. ಬೆಂಗಳೂರಿನ ಜೊತೆ ತುಮಕೂರಿಗೂ ಅದರ ಪಾಲಿದೆ. ದನ ಮೇಯುತ್ತಿದ್ದ ಕಾವಲು ಈಗ ಆಕಾಶ ಕಾಯುವವರ ಕೊಟ್ಟಿಗೆ.

● ಗುಡ್ಡದ ಹೆಸರಿನ ಎಂಜಿನ್
‘ಪ್ರಚಂಡ’, ‘ಧ್ರುವ’ ಹೆಲಿಕಾಪ್ಟರ್‌ಗಳಿಗೆ ಬಲ ಕೊಡುವ ‘ಶಕ್ತಿ’ ಎಂಜಿನ್ ಎಚ್‌ಎಎಲ್ ಮತ್ತು ಫ್ರಾನ್ಸಿನ ಟರ್ಬೊಮೆಕಾ (ಈಗ ಸಾಫ್ರಾನ್) ಕೂಡಿ ಮಾಡಿದ್ದು. ಫ್ರೆಂಚರು ಅದನ್ನು ‘ಆರ್ಡಿಡೆನ್’ ಎನ್ನುತ್ತಾರೆ. ಅದು ಪಿರಿನೀಸ್ ಪರ್ವತಸಾಲಿನ ಒಂದು ಶಿಖರದ ಹೆಸರು. ಗುಡ್ಡ ಹತ್ತುವ ಎಂಜಿನ್ನಿಗೆ ಗುಡ್ಡದ್ದೇ ಹೆಸರು. ನಮ್ಮಲ್ಲಿ ಯಾರಾದರೂ ‘ಬಲ್ಲಾಳರಾಯನದುರ್ಗ’ ಎಂದು ಎಂಜಿನ್ನಿಗೆ ಹೆಸರಿಡುವ ದಿನ ಬರಲಿ!

● ಮಾರಿದ ಮೇಲೂ ಸಂಸಾರ ಮುಗಿಯದು
ದಕ್ಷಿಣ ಅಮೆರಿಕದ ಎಕ್ವಡಾರ್ ಏಳು ‘ಧ್ರುವ’ ಹೆಲಿಕಾಪ್ಟರ್ ಕೊಂಡಿತ್ತು. ನಾಲ್ಕು ಬಿದ್ದವು. 2015ರಲ್ಲಿ ಒಪ್ಪಂದವೇ ರದ್ದಾಯಿತು. ಇನ್ನೊಂದು ಕಡೆ, ಭಾರತ–ರಷ್ಯಾ ಜಂಟಿ ಕ್ಷಿಪಣಿ ಬ್ರಹ್ಮೋಸ್‌ಗಾಗಿ ಫಿಲಿಪ್ಪೀನ್ಸ್ 2022ರಲ್ಲಿ ಸುಮಾರು 37.5 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡು 2024ರಿಂದ ಪಡೆಯತೊಡಗಿತು. ಶಸ್ತ್ರಾಸ್ತ್ರ ಮಾರಾಟವೆಂದರೆ ಸಂತೆಯಲ್ಲಿ ಕುಕ್ಕೆ ಮಾರಿದಂತಲ್ಲ. ಮಗಳನ್ನು ಕೊಟ್ಟ ಮನೆಯಂತೆ, ಮೂವತ್ತು ವರ್ಷ ಹೋಗಿಬರುತ್ತಿರಬೇಕು.

● 290ರ ಗುಟ್ಟು
ಬ್ರಹ್ಮೋಸ್‌ನ ಹೆಸರಿನಲ್ಲಿ ಎರಡು ನದಿಗಳು: ಬ್ರಹ್ಮಪುತ್ರ ಮತ್ತು ಮಾಸ್ಕ್ವಾ. ಅದರ ವ್ಯಾಪ್ತಿ ಮೊದಲು 290 ಕಿಲೊಮೀಟರ್ ಇದ್ದದ್ದು ಏಕೆ? ಕ್ಷಿಪಣಿ ತಂತ್ರಜ್ಞಾನ ನಿಯಂತ್ರಣ ಕೂಟದ ಗೆರೆ 300 ಕಿಲೊಮೀಟರ್. ಅದನ್ನು ದಾಟಿದ್ದನ್ನು ಹೊರಗಿನವರಿಗೆ ಕೊಡಲು ಕೂಟದ ಸದಸ್ಯ ರಷ್ಯಾಕ್ಕೆ ಅಡ್ಡಿ ಇತ್ತು. 2016ರ ಜೂನ್‌ನಲ್ಲಿ ಭಾರತವೂ ಕೂಟ ಸೇರಿತು. ವ್ಯಾಪ್ತಿ ಬೆಳೆಯಿತು. ಬೇಲಿಯ ಒಳಗೆ ಹೋದವನಿಗೆ ಬೇಲಿಯೇ ದಾರಿ.

● ಮಿಶ್ರ ಬೆಳೆಯ ವಿಮಾನ
ಸಿಲ್ವರ್ ಓಕ್ ಆಸ್ಟ್ರೇಲಿಯಾದ್ದು, ಕಾಫಿ ಆಫ್ರಿಕಾದ್ದು, ಬಳ್ಳಿ ಮೆಣಸು ನಮ್ಮದು. ಮೂರೂ ಒಂದೇ ತೋಟದಲ್ಲಿ. ಸುಖೋಯ್–30 ಎಂಕೆಐ ಇಂಥದ್ದೇ: ದೇಹ ಮತ್ತು ಎಂಜಿನ್ ರಷ್ಯಾದ್ದು, ಒಳಗಿನ ಎಲೆಕ್ಟ್ರಾನಿಕ್ಸ್‌ನಲ್ಲಿ ಫ್ರಾನ್ಸ್, ಇಸ್ರೇಲ್, ಭಾರತಗಳ ಪಾಲು, ಜೋಡಣೆ ನಾಸಿಕದಲ್ಲಿ. ಒಂದು ಬೆಳೆ ಕೈಕೊಟ್ಟರೆ ಇನ್ನೊಂದು ಎನ್ನುವುದು ತೋಟದ ಲೆಕ್ಕ. ವಿಮಾನದಲ್ಲಿ ಲೆಕ್ಕ ಉಲ್ಟಾ, ಒಂದು ಬಿಡಿಭಾಗ ಕೈಕೊಟ್ಟರೂ ಹಾರಾಟವಿಲ್ಲ.

● ನೀವು ಒತ್ತಿದ ಗುಂಡಿ
ಮತಗಟ್ಟೆಯಲ್ಲಿ ಗುಂಡಿ ಒತ್ತಿದ್ದೀರಲ್ಲ? ಆ ಯಂತ್ರ ತಯಾರಿಸುವವರು ದೇಶದಲ್ಲಿ ಇಬ್ಬರೇ. ಒಂದು ಹೈದರಾಬಾದಿನ ಇಸಿಐಎಲ್, ಇನ್ನೊಂದು ಬೆಂಗಳೂರಿನ ಬಿಇಎಲ್. ಸೇನೆಗೆ ರೇಡಾರ್, ವೈರ್‌ಲೆಸ್ ಮಾಡಲೆಂದು 1954ರಲ್ಲಿ ಫ್ರೆಂಚ್ ಕಂಪನಿಯೊಂದರ ನೆರವಿನಿಂದ ಹುಟ್ಟಿದ್ದು ಈ ಬಿಇಎಲ್. ಕೋವಿಯನ್ನು ಠಾಣೆಗಿಟ್ಟು ಬಂದವರು ಮತ ಹಾಕುವುದು ರಕ್ಷಣಾ ಕಾರ್ಖಾನೆಯ ಯಂತ್ರದಲ್ಲೇ!

● ಕಾಡಾನೆ, ಡ್ರೋನ್ ಮತ್ತು ಒಂಬತ್ತು ಚಿತ್ರ
ನಮ್ಮ ಕಡೆ ಕಾಡಾನೆ ಎಲ್ಲಿದೆಯೆಂದು ನೋಡಲು ಅರಣ್ಯ ಇಲಾಖೆ ಶಾಖ ಗುರುತಿಸುವ ಡ್ರೋನ್ ಹಾರಿಸುತ್ತದೆ. ಕತ್ತಲಲ್ಲಿ ಮರದ ನೆರಳಿಗಿಂತ ಬೆಳ್ಳಗೆ, ನಿಧಾನಕ್ಕೆ ಸರಿಯುವ ಗುಡ್ಡೆಯಂತೆ ಆನೆ ಪರದೆಯ ಮೇಲೆ ಕಾಣುತ್ತದೆ. ಇಂಥ ಕ್ಯಾಮೆರಾ ಸೈನಿಕನ ಕೈಗೂ ಬೇಕು, ಉಗ್ರನ ಕೈಗೂ ಬೇಕು. ಹಾಗಾಗಿ ಶಸ್ತ್ರಾಸ್ತ್ರ ಹಾಗೂ ‘ಎರಡು ಬಗೆಯ ಬಳಕೆ’ಯ ಸರಕಿನ ರಫ್ತಿಗೆ ಕಣ್ಣಿಡುವ ವಾಸೆನಾರ್ ಒಪ್ಪಂದಕೂಟದ ಪಟ್ಟಿಯಲ್ಲಿ ಇದೂ ಇದೆ. ಸೆಕೆಂಡಿಗೆ ಒಂಬತ್ತು ಚಿತ್ರ ಮೀರದ ಕ್ಯಾಮೆರಾಗಳಿಗೆ ನಿಯಮ ಸಡಿಲ. ಅಗ್ಗದ ಥರ್ಮಲ್ ಕ್ಯಾಮೆರಾದಲ್ಲಿ ಚಿತ್ರ ತಡವರಿಸಿದಂತೆ ಕಂಡರೆ ಅದು ಯಂತ್ರದ ದೋಷವೇ ಇರಬೇಕೆಂದಿಲ್ಲ, ಅಂತರರಾಷ್ಟ್ರೀಯ ನೀತಿಯೂ ಇರಬಹುದು. ಭಾರತ 2017ರ ಡಿಸೆಂಬರ್‌ನಲ್ಲಿ ಈ ಕೂಟದ 42ನೇ ಸದಸ್ಯನಾಯಿತು.

● ಡ್ರೋನ್ ಬೇಡ, ಬಿಡಿಭಾಗ ಬರಲಿ
ಸಿದ್ಧ ಡ್ರೋನ್‌ಗಳ ಆಮದನ್ನು ಭಾರತ 2022ರ ಫೆಬ್ರುವರಿಯಲ್ಲಿ ನಿಷೇಧಿಸಿತು. ಬಿಡಿಭಾಗಕ್ಕೆ ಅಡ್ಡಿ ಇರಲಿಲ್ಲ. ಮೂರು ವರ್ಷದ ಬಳಿಕ ಸೇನೆಗೆಂದು ಹೇಳಿದ್ದ 400 ಸರಕು ಡ್ರೋನ್‌ಗಳ ಆರ್ಡರ್ ರದ್ದಾಯಿತು. ಒಳಗೆ ಚೀನಾದ ಬಿಡಿಭಾಗಗಳಿದ್ದುವೆಂಬುದು ಕಾರಣ. ಕಾಫಿ ಚೀಲದ ಮೇಲೆ ‘ಪ್ಲಾಂಟೇಷನ್ ಎ’ ಎಂದು ಬರೆದರೆ ಸಾಲದು, ಬಗ್ಗಿಸಿ ಸುರಿದು ನೋಡಬೇಕು.

● ಎಂಟು ಚೀಲ ತೂಕದ ಅಪರೂಪ
ಒಂದು ಎಫ್–35 ಯುದ್ಧವಿಮಾನದಲ್ಲಿ 400 ಕಿಲೊಗಿಂತ ಹೆಚ್ಚು ವಿರಳ ಭೂಧಾತು ಇರುತ್ತದೆ. ನಮ್ಮ ಐವತ್ತು ಕಿಲೊ ಕಾಫಿ ಚೀಲದ ಲೆಕ್ಕದಲ್ಲಿ ಎಂಟು ಚೀಲ. ಇವುಗಳ ಸಂಸ್ಕರಣೆಯಲ್ಲಿ ಚೀನಾದ್ದೇ ಮೇಲುಗೈ. 2025ರ ಏಪ್ರಿಲ್‌ನಲ್ಲಿ ಅದು ಏಳು ಬಗೆಯ ಧಾತುಗಳ ರಫ್ತಿಗೆ ಲಗಾಮು ಹಾಕಿದಾಗ ಜಗತ್ತಿನ ಕಾರ್ಖಾನೆಗಳೆಲ್ಲ ಗೋದಾಮು ಎಣಿಸತೊಡಗಿದವು.

● ಹುಟ್ಟೂರು ಕೇಳುವ ಯುರೋಪ್
ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಬೇಡ ಎಂದು 2023ರಲ್ಲಿ ಕಾಯಿದೆ ಮಾಡಿ, ತೋಟದ ಅಕ್ಷಾಂಶ–ರೇಖಾಂಶ ಕೊಡಿ ಎಂದಿತು ಯುರೋಪಿನ ಒಕ್ಕೂಟ. ಅದರ ಜಾರಿ ಮುಂದೆ ಮುಂದೆ ಹೋಗುತ್ತಿದ್ದರೂ ಇಲ್ಲಿ ಮೊಬೈಲ್ ಹಿಡಿದು ತೋಟದ ಮೂಲೆ ಮೂಲೆ ಸುತ್ತಿದವರಿದ್ದಾರೆ. ಅದೇ ಒಕ್ಕೂಟ ಶಸ್ತ್ರಾಸ್ತ್ರಕ್ಕೂ ಇದೇ ಪ್ರಶ್ನೆ ಕೇಳುತ್ತಿದೆ. 2025ರ ಮೇ ತಿಂಗಳಲ್ಲಿ ಸದಸ್ಯ ದೇಶಗಳ ಶಸ್ತ್ರ ಖರೀದಿಗೆಂದು 15,000 ಕೋಟಿ ಯೂರೊ ಸಾಲದ ಯೋಜನೆ ತಂದಿತು. ಷರತ್ತು ಏನೆಂದರೆ, ಬಿಡಿಭಾಗಗಳ ಮೌಲ್ಯದಲ್ಲಿ ಹೊರಗಿನದು ಶೇ 35 ಮೀರಬಾರದು. ನಮ್ಮ 2020ರ ಖರೀದಿ ನಿಯಮದಲ್ಲೂ ಅಗ್ರಸ್ಥಾನದ ವರ್ಗಕ್ಕೆ ಕನಿಷ್ಠ ಶೇ 50 ಸ್ವದೇಶಿ ಅಂಶ ಬೇಕು. ಮುಂದಿನ ದಿನಗಳಲ್ಲಿ ಕಾಫಿ ಬೀಜವಿರಲಿ, ಬೋಲ್ಟ್ ಇರಲಿ, ಜೊತೆಗೆ ಹುಟ್ಟಿದೂರಿನ ಚೀಟಿ ಇರಲೇಬೇಕು.

● ನಮ್ಮ ಕಾಫಿಯ ಗಿರಾಕಿ, ನಾಳೆಯ ವಿಮಾನದ ಪಾಲುದಾರ
ಭಾರತದ ಕಾಫಿಗೆ ದೊಡ್ಡ ಗಿರಾಕಿ ಇಟಲಿ. ಅದು ಬ್ರಿಟನ್, ಜಪಾನ್ ಜೊತೆ ಸೇರಿ 2035ಕ್ಕೆ ಹೊಸ ಪೀಳಿಗೆಯ ಯುದ್ಧವಿಮಾನ ತರಲು 2022ರ ಡಿಸೆಂಬರ್‌ನಲ್ಲಿ ಕೈಜೋಡಿಸಿತು. ಎರಡನೇ ಮಹಾಯುದ್ಧದಲ್ಲಿ ಎದುರುಬದುರು ನಿಂತಿದ್ದವರು ಈಗ ಒಂದೇ ಕಾರ್ಖಾನೆಯ ಪಾಲುದಾರರು. ಶಸ್ತ್ರ ಮಾರಾಟವನ್ನು ದಶಕಗಳ ಕಾಲ ಕಟ್ಟಿಹಾಕಿಕೊಂಡಿದ್ದ ಜಪಾನ್ ಈ ವಿಮಾನವನ್ನು ಹೊರಗೆ ಮಾರಲು 2024ರಲ್ಲಿ ತನ್ನ ನಿಯಮವನ್ನೇ ಸಡಿಲಿಸಿತು.

● ಯಲಹಂಕದಲ್ಲಿ ಹಾವು–ಮುಂಗುಸಿ
2025ರ ಫೆಬ್ರುವರಿಯ ಏರೋ ಇಂಡಿಯಾದಲ್ಲಿ ಅಮೆರಿಕದ ಎಫ್–35, ರಷ್ಯಾದ ಸು–57 ಎರಡೂ ಒಂದೇ ಅಂಗಳದಲ್ಲಿ ಕಂಡವು. ರಷ್ಯಾದ ಎಸ್–400 ಕೊಂಡದ್ದಕ್ಕೆ ಟರ್ಕಿಯನ್ನು ಎಫ್–35 ಯೋಜನೆಯಿಂದ 2019ರಲ್ಲಿ ಹೊರಹಾಕಲಾಯಿತು. ಅದೇ ಎಸ್–400ಕ್ಕೆ 2018ರಲ್ಲಿ ಸಹಿ ಹಾಕಿದ ಭಾರತದ ಅಂಗಳಕ್ಕೆ ಇಬ್ಬರೂ ಅಂಗಡಿ ಹಾಕಲು ಬಂದರು.

● ರಸ್ತೆಯೂ ರಕ್ಷಣೆಯೇ
32 ದೇಶಗಳ ನೇಟೊ 2025ರ ಜೂನ್‌ನಲ್ಲಿ ಹೇಗ್ ನಗರದಲ್ಲಿ ಸೇರಿ, 2035ರ ಹೊತ್ತಿಗೆ ತಂತಮ್ಮ ಜಿಡಿಪಿಯ ಶೇ 5ರಷ್ಟನ್ನು ರಕ್ಷಣೆಗೆ ಹಾಕುವ ಗುರಿ ಇಟ್ಟುಕೊಂಡಿತು. ಅದರಲ್ಲಿ ಶೇ 1.5 ಮೂಲಸೌಕರ್ಯದಂಥ ಬಾಬ್ತಿಗೆ. ಟ್ಯಾಂಕ್ ಸಾಗುವ ಸೇತುವೆ, ರಸ್ತೆ ಎಲ್ಲ ಲೆಕ್ಕಕ್ಕೆ ಬರುತ್ತದೆ. ಚಾರ್ಮಾಡಿ ಘಾಟಿಯ ತಿರುವುಗಳನ್ನು ಯಾರಾದರೂ ಈ ಬಾಬ್ತಿಗೆ ಸೇರಿಸಬಾರದೇ?

● ಎರಡು ಮಲಬಾರ್
ಮುಂಗಾರಿನ ತೇವದ ಗಾಳಿಗೆ ಒಡ್ಡಿ ಉಬ್ಬಿಸಿದ ಕಾಫಿಗೆ ‘ಮಾನ್ಸೂನ್ಡ್ ಮಲಬಾರ್’ ಎಂದು ಹೆಸರು. 1992ರಲ್ಲಿ ಭಾರತ–ಅಮೆರಿಕ ಶುರುಮಾಡಿದ ನೌಕಾ ಕವಾಯತಿಗೂ ‘ಮಲಬಾರ್’ ಎಂದೇ ಹೆಸರು. 2015ರಲ್ಲಿ ಜಪಾನ್ ಕಾಯಂ ಸದಸ್ಯ, 2020ರಲ್ಲಿ ಆಸ್ಟ್ರೇಲಿಯಾವೂ ಜೊತೆಗೂಡಿತು. ಎರಡೂ ಒಂದೇ ಕರಾವಳಿಯ ಹೆಸರಿನಲ್ಲಿ ಜಗತ್ತು ಸುತ್ತಿವೆ.

● ಕಾಫಿ ಸೀಮೆಯ ದಳಪತಿ
ಪಕ್ಕದ ಕೊಡಗಿನ ಜನರಲ್ ತಿಮ್ಮಯ್ಯ 1953ರಲ್ಲಿ ಕೊರಿಯಾದ ಯುದ್ಧಕೈದಿಗಳ ವಿಷಯ ಇತ್ಯರ್ಥ ಮಾಡಲು ರಚಿಸಿದ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷ. ಸ್ವೀಡನ್, ಸ್ವಿಟ್ಜರ್ಲೆಂಡ್ ಒಂದು ಕಡೆ, ಪೋಲೆಂಡ್, ಚೆಕೊಸ್ಲೊವಾಕಿಯಾ ಇನ್ನೊಂದು ಕಡೆ, ನಡುವೆ ಮಡಿಕೇರಿಯವರು. ಮುಂದೆ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆಗೆ ದಳಪತಿಯಾಗಿ 1965ರ ಡಿಸೆಂಬರ್ 18ರಂದು ಅಲ್ಲೇ ತೀರಿಕೊಂಡರು. ಆ ದ್ವೀಪ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು. ಯಾರ ಪಕ್ಷವೂ ಅಲ್ಲದವನನ್ನೇ ಎರಡೂ ಪಕ್ಷ ನಂಬುವ ಕಾಲವೊಂದಿತ್ತು.

● ಏಳು ಬೀಜ ಬಂದ ದಾರಿ
ಬಾಬಾ ಬುಡನ್ ಏಳು ಕಾಫಿ ಬೀಜ ತಂದರೆಂದು ಪ್ರತೀತಿ ಇರುವ ಯೆಮೆನ್‌ನ ಮೋಕಾ ಬಂದರು ಕೆಂಪು ಸಮುದ್ರದ ದಂಡೆಯಲ್ಲಿದೆ, ಬಾಬ್ ಎಲ್ ಮಂದೆಬ್ ಜಲಸಂಧಿಗೆ ತುಸು ಉತ್ತರಕ್ಕೆ. 2023ರ ನವೆಂಬರ್‌ನಿಂದ ಯೆಮೆನ್‌ನ ಹೂತಿಗಳು ಹಡಗುಗಳ ಮೇಲೆ ದಾಳಿ ನಡೆಸಿದ್ದು ಈ ನೀರಿನಲ್ಲೇ. ಇಟಲಿ, ಜರ್ಮನಿಗೆ ಹೊರಟ ನಮ್ಮ ಕಾಫಿ ಸೂಯೆಜ್ ಬಿಟ್ಟು ಆಫ್ರಿಕಾದ ಕೊನೆ ಸುತ್ತಿ ಹೋಗಬೇಕಾಗಿ, ಹತ್ತು ದಿನದ ಮೇಲೆ ತಡ, ಕಂಟೇನರ್ ಬಾಡಿಗೆ ದುಪ್ಪಟ್ಟಿನ ಮಾತು. ಅಮೆರಿಕ ಒಂದು ಬಹುರಾಷ್ಟ್ರೀಯ ಕಾವಲು ಪಡೆ ಕಟ್ಟಿತು, ಯುರೋಪ್ ಇನ್ನೊಂದು. ಭಾರತ ಎರಡಕ್ಕೂ ಸೇರದೆ ತನ್ನದೇ ಹಡಗುಗಳನ್ನು ಅರಬ್ಬೀ ಸಮುದ್ರಕ್ಕೆ ಇಳಿಸಿತು. 2024ರ ಮಾರ್ಚ್‌ನಲ್ಲಿ ಐಎನ್‌ಎಸ್ ಕೋಲ್ಕತ್ತ ಮುಂತಾದವು 40 ಗಂಟೆ ಬೆನ್ನುಬಿದ್ದು, ಆಕಾಶದಿಂದ ಕಮಾಂಡೊಗಳನ್ನು ಇಳಿಸಿ, ಕಡಲ್ಗಳ್ಳರು ಹಿಡಿದಿಟ್ಟಿದ್ದ ‘ರುಯೆನ್’ ಹಡಗನ್ನು ಬಿಡಿಸಿದವು. 35 ಮಂದಿ ಕಳ್ಳರು ಶರಣಾದರು, 17 ಸಿಬ್ಬಂದಿ ಬದುಕಿ ಬಂದರು. ಹಡಗಿನ ಮೇಲಿದ್ದವರಲ್ಲಿ ಒಬ್ಬರೂ ಭಾರತೀಯರಲ್ಲ.

● ಕೊನೆಯದಾಗಿ
ಕುದುರೆಮುಖ 1,894 ಮೀಟರ್ ಎತ್ತರ. ಮೋಡವಿಲ್ಲದ ದಿನ ತುದಿಯಲ್ಲಿ ನಿಂತರೆ ಪಶ್ಚಿಮಕ್ಕೆ ಅರಬ್ಬೀ ಸಮುದ್ರ ಬೆಳ್ಳಿ ಗೆರೆಯಂತೆ ಕಾಣುತ್ತದೆ. ಏಳು ಬೀಜ ಒಳಗೆ ಬಂದದ್ದೂ, ಇರಾನಿಗೆಂದು ಅಗೆದ ಅದಿರು ಬೇರೆ ಗಿರಾಕಿಗಳನ್ನು ಹುಡುಕಿಕೊಂಡು ಹೊರಟದ್ದೂ ಆ ಗೆರೆಯ ಮೇಲೆಯೇ.